ಗಡಿ ದಾಟುವುದು ಅಪರಾಧವಾದದ್ದು ಹೇಗೆ?

ಅನುಮತಿಯಿಲ್ಲದೆ ಗಡಿ ದಾಟಿ ಬಂದವರನ್ನು ವಾಪಸ್ ಕಳುಹಿಸಿದರೆ ಸಾಕೇ, ಜೈಲಿಗೂ ಹಾಕಬೇಕೇ? ಅಮೆರಿಕದಲ್ಲಿ ಈ ಪ್ರಶ್ನೆ ಹಳೆಯದು.

ಚೀನೀ ಕೂಲಿಗಾರರಿಗೆ ಆ ದೇಶ 1882ರಲ್ಲೇ ಬಾಗಿಲು ಮುಚ್ಚಿತ್ತು. ಅದಾಗಲೇ ಒಳಗಿದ್ದವರೂ ವಾಸದ ಪತ್ರ ಪಡೆಯಬೇಕೆಂದು 1892ರ ಗಿಯರಿ ಕಾಯ್ದೆ ಕಟ್ಟುಮಾಡಿತು. ಪತ್ರ ಪಡೆಯಲಾಗದವರು ತಾವು ಮೊದಲಿನಿಂದಲೂ ಇಲ್ಲೇ ಇದ್ದೆವೆಂದು ತೋರಿಸಲು ಬಿಳಿಯರೊಬ್ಬರ ಸಾಕ್ಷಿ ಬೇಕಿತ್ತು. ಅದೇ ವರ್ಷ ಡೆಟ್ರಾಯಿಟ್‌ನಲ್ಲಿ ವಾಂಗ್ ವಿಂಗ್ ಎಂಬ ಚೀನೀಯ ಮತ್ತು ಇನ್ನು ಮೂವರು ಸಿಕ್ಕಿಬಿದ್ದರು. ಜ್ಯೂರಿ ಇಲ್ಲ, ಕಮಿಷನರ್ ಒಬ್ಬರೇ ಕೂತು 60 ದಿನಗಳ ಕಠಿಣ ಸಜೆ, ಆಮೇಲೆ ಗಡೀಪಾರು ಎಂದು ತೀರ್ಮಾನಿಸಿದರು. 1896ರಲ್ಲಿ ಸುಪ್ರೀಂ ಕೋರ್ಟ್ ಆ ಸಜೆಯನ್ನು ತಳ್ಳಿಹಾಕಿತು. ಹೊರಗೆ ಕಳುಹಿಸುವ ಅಧಿಕಾರ ಸರ್ಕಾರಕ್ಕಿದೆ, ಆದರೆ ಇಂಥ ಶಿಕ್ಷೆ ಕೊಡಬೇಕಾದರೆ ನ್ಯಾಯಾಲಯದ ವಿಚಾರಣೆ ನಡೆಯಲೇಬೇಕು ಎಂದಿತು.

1929ರಲ್ಲಿ ಸೌತ್ ಕೆರೊಲಿನಾದ ಸೆನೆಟರ್ ಕೋಲ್‌ಮನ್ ಬ್ಲೀಸ್ ಮುಂದೆ ನಿಂತು ಹೊಸ ಕಾನೂನು ತಂದರು. ಬಿಳಿಯರೇ ಮೇಲೆಂದು ಬಹಿರಂಗವಾಗಿ ಸಾರುತ್ತಿದ್ದವರು ಅವರು. ಕದ್ದು ಒಳಬಂದರೆ ಒಂದು ವರ್ಷ, ಗಡೀಪಾರಾಗಿ ಮತ್ತೆ ಬಂದರೆ ಎರಡು ವರ್ಷದವರೆಗೆ ಜೈಲು. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಮೆಕ್ಸಿಕೋದ ಕೂಲಿಗಾರರ ಮೇಲೆ. 1952ರಲ್ಲಿ ಮೊದಲ ತಪ್ಪಿನ ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಿದರು, ಅಪರಾಧವೆಂಬ ಹಣೆಪಟ್ಟಿ ಮಾತ್ರ ಉಳಿಯಿತು.

2005ರಿಂದ ಗಡಿಯ ಕೆಲವು ನ್ಯಾಯಾಲಯಗಳಲ್ಲಿ ಸರಪಳಿ ಹಾಕಿದ ಹತ್ತಾರು ಜನರನ್ನು ಒಟ್ಟಿಗೆ ನಿಲ್ಲಿಸಿ ತಪ್ಪೊಪ್ಪಿಗೆ ಪಡೆಯತೊಡಗಿದರು. 2018ರಲ್ಲಿ ಸಿಕ್ಕವರೆಲ್ಲರ ಮೇಲೂ ಮೊಕದ್ದಮೆ ಹೂಡುವ ನೀತಿ ಬಂತು. ತಂದೆತಾಯಿ ಜೈಲಿಗೆ ಹೋದರು. ಮಕ್ಕಳನ್ನು ಅಲ್ಲಿಡುವಂತಿಲ್ಲವೆಂದು ಸಾವಿರಾರು ಮಕ್ಕಳನ್ನು ಅವರಿಂದ ಅಗಲಿಸಿದರು.

ಇನ್ನೊಂದು ಕಡೆ ನೋಡಿ. ವೀಸಾ ಪಡೆದು ಬೆಂಗಳೂರಿನಿಂದ ವಿಮಾನದಲ್ಲಿ ಹೋದವರು ಅವಧಿ ಮೀರಿ ಅಲ್ಲೇ ಉಳಿದರೆ, ಅಷ್ಟಕ್ಕೇ ಅವರು ಅಪರಾಧಿಗಳಲ್ಲ. ಅದು ಸಿವಿಲ್ ಉಲ್ಲಂಘನೆ. ಹೊರಹಾಕಬಹುದಾದ ವಿದೇಶಿಯರು ದೇಶದಲ್ಲಿ ಉಳಿಯುವುದು ಸಾಮಾನ್ಯವಾಗಿ ಅಪರಾಧವಲ್ಲ ಎಂದು ಅರಿಜೋನಾ ರಾಜ್ಯದ ಪ್ರಕರಣದ 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ವೀಸಾ ಮೀರಿ ಉಳಿದವರು, ಗಡಿ ದಾಟಿ ಬಂದವರು, ಇಬ್ಬರೂ ಅನುಮತಿಯಿಲ್ಲದೆ ಇರುವವರೇ. ಗಡಿಯ ನದಿ ದಾಟಿ ಬಂದ ಬಡವನಿಗೆ ಮಾತ್ರ ಜೈಲು ಏಕೆ?

ಗಡಿ ಕಾಯುವ ಹಕ್ಕು ಪ್ರತಿ ದೇಶಕ್ಕೂ ಇದೆ. ಜನರನ್ನು ಸಾಗಿಸಿ ಹಣ ಮಾಡುವ ದಲ್ಲಾಳಿಗಳಿಗೆ, ಖೊಟ್ಟಿ ದಾಖಲೆ ಮಾರುವವರಿಗೆ ಜೈಲು ಸರಿ. ಆದರೆ ಹೊಟ್ಟೆಪಾಡಿಗೋ ಪ್ರಾಣಭಯಕ್ಕೋ ಬಂದವರಿಗೆ ಗಡೀಪಾರೇ ಸಣ್ಣ ಪೆಟ್ಟಲ್ಲ. ಅವರ ಅಹವಾಲು ಕೇಳಿ, ಇರಿಸಿಕೊಳ್ಳಬೇಕೋ ಕಳುಹಿಸಬೇಕೋ ತೀರ್ಮಾನಿಸಿದರೆ ಸಾಕು. 1929ರಲ್ಲಿ ಶಾಸನಸಭೆ ಬರೆದದ್ದನ್ನು ಶಾಸನಸಭೆಯೇ ತಿದ್ದಬಹುದು, ತಿದ್ದಬೇಕು.