ಸ್ಕ್ರೂ ಮುರಿದರೆ ಇಂಜಿನ್ ಹೋದಂತಲ್ಲ

(ಗುರುಮಠಕಲ್‌ನಲ್ಲಿ ಸ್ವಸಹಾಯ ಸಂಘಗಳ ಸದಸ್ಯರ ತರಬೇತಿಯಲ್ಲಿ ಆಡಿದ ಮಾತಿನ ಬರಹ)



ಇಂದಿನ ವಿಷಯ ಕೇಳಿ ಕೆಲವರು ನಗುತ್ತಿದ್ದೀರಿ. "ಗಾಡಿ ರಿಪೇರಿ ನಮಗ್ಯಾಕ್ರಿ, ಅದು ಗಂಡಸರ ಕೆಲಸ" ಅಂತ. ಸ್ಕ್ರೂ ತಿರುಗಿಸುವವರು ಯಾರೇ ಇರಲಿ, ಗಾಡಿಯ ಕಂತು ಕಟ್ಟುವವರು ಯಾರು? ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ಗಾಡಿ ಮಗನ ಹೆಸರಿನಲ್ಲಿರುತ್ತದೆ, ಸಾಲ ತಾಯಿಯ ಹೆಸರಿನಲ್ಲಿರುತ್ತದೆ. ಅದೇ ಗಾಡಿಯ ಮೇಲೆ ಅವನು ಯಾದಗಿರಿಗೆ ಕೆಲಸಕ್ಕೆ ಹೋಗುತ್ತಾನೆ, ಇಲ್ಲವೇ ಗಡಿ ದಾಟಿ ನಾರಾಯಣಪೇಟೆ ಕಡೆ ವ್ಯಾಪಾರಕ್ಕೆ ಹೋಗುತ್ತಾನೆ. ಗಾಡಿ ನಿಂತರೆ ಕೂಲಿ ನಿಂತಿತು, ಕಂತೂ ನಿಂತಿತು. ಆಮೇಲೆ ಗಾಡಿ ರಿಪೇರಿಗೆ ಇನ್ನೊಂದು ಒಳಸಾಲದ ಅರ್ಜಿ ಬರುತ್ತದೆ. ಆ ಅರ್ಜಿಗೆ ಕೈ ಎತ್ತುವ ಮೊದಲು ಏನು ಕೇಳಬೇಕು ಎಂಬುದೇ ಇಂದಿನ ಮಾತು.

ಮೊದಲು ಗಾಡಿ ತಣ್ಣಗಾಗುವುದು ಹೇಗೆಂದು ತಿಳಿಯೋಣ. ನಮ್ಮ ಹಳ್ಳಿಗಳಲ್ಲಿ ಹೆಚ್ಚು ಓಡಾಡುವ ಸ್ಪ್ಲೆಂಡರ್‌ನಂಥ ಗಾಡಿಗಳಿಗೆ ಗಾಳಿಯೇ ತಂಪು. ಇಂಜಿನ್ ಮೇಲೆ ತಗಡಿನ ಹಾಗೆ ಸಾಲು ಸಾಲು ಪದರ ಇರುತ್ತವಲ್ಲ, ಅವುಗಳ ನಡುವೆ ಗಾಳಿ ಹಾದು ಶಾಖ ಹೋಗುತ್ತದೆ. ಹೊಲದ ಕೆಸರು ಅಲ್ಲಿ ಒಣಗಿ ಕೂತರೆ ಇಂಜಿನ್‌ಗೆ ಕಂಬಳಿ ಹೊದಿಸಿದ ಹಾಗೆ. ಇಂಜಿನ್ ಆರಿದ ಮೇಲೆ ಬ್ರಷ್ ಹಚ್ಚಿ ತೊಳೆದರೆ ಸಾಕು. ಸ್ಕೂಟಿಗಳಲ್ಲಿ ಇಂಜಿನ್ ಒಳಗಡೆ ಮುಚ್ಚಿಕೊಂಡಿರುವುದರಿಂದ ಸಣ್ಣ ಫ್ಯಾನ್ ಇಟ್ಟಿರುತ್ತಾರೆ.

ಈಗಿನ ಹುಡುಗರು ಸೆಕೆಂಡ್ ಹ್ಯಾಂಡ್‌ನಲ್ಲಿ ತರುವ ಪಲ್ಸರ್ ಎನ್‌ಎಸ್ 200, ಯಮಹಾ ಆರ್15, ಕೆಟಿಎಂ ಗಾಡಿಗಳ ಮಾತು ಬೇರೆ. ಅವುಗಳಿಗೆ ಲಾರಿಗೆ ಇರುವ ಹಾಗೆ ರೇಡಿಯೇಟರ್ ಇದೆ. ಒಂದು ಸಣ್ಣ ಪಂಪು ಕೂಲಂಟ್ ಎಂಬ ಬಣ್ಣದ ದ್ರವವನ್ನು ಇಂಜಿನ್ ಸುತ್ತ ತಿರುಗಿಸುತ್ತದೆ. ಇದನ್ನು ಕಂಪನಿ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಬೇಕು. ಹಲವರು ಬದಲಿಸುವುದಿಲ್ಲ. ಕಡಿಮೆಯಾದರೆ ಬೋರಿನ ನೀರು ಸುರಿಯುತ್ತಾರೆ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂಡುವುದನ್ನು ನೀವು ದಿನಾ ನೋಡುತ್ತೀರಿ. ಅದೇ ಪದರ ಆ ಸಣ್ಣ ನಾಳಗಳೊಳಗೂ ಕೂಡುತ್ತದೆ, ಲೋಹವನ್ನೂ ತಿನ್ನುತ್ತದೆ. ದಾರಿಯಲ್ಲಿ ಗಾಡಿ ಕಾದು ನಿಂತಾಗ ಮನೆ ಮುಟ್ಟಲು ನೀರು ಹಾಕುವುದು ಬೇರೆ, ಅದನ್ನೇ ರೂಢಿ ಮಾಡುವುದು ಬೇರೆ.

ಸ್ಕ್ರೂ ಮುರಿಯುವುದು ಇಲ್ಲೇ. ಪಂಪಿನ ಮುಚ್ಚಳ ಅಲ್ಯೂಮಿನಿಯಂ, ಅದನ್ನು ಹಿಡಿದಿರುವ ಸ್ಕ್ರೂ ಉಕ್ಕು. ಎರಡು ಬೇರೆ ಬೇರೆ ಲೋಹಗಳ ನಡುವೆ ತೇವ ಸೇರಿ ವರ್ಷಗಟ್ಟಲೆ ಕೂತರೆ ಬಿಳಿ ಪುಡಿಯಂಥ ತುಕ್ಕು ಹುಟ್ಟಿ ಸ್ಕ್ರೂವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಂದಿನವರು ಸಿಟ್ಟು ಬಂದ ಹಾಗೆ ಬಿಗಿದಿದ್ದರೆ ಇನ್ನೂ ಕಷ್ಟ. ಆ ಸ್ಕ್ರೂಗಳು ಬಹಳ ಕಡೆ ಬರೀ 6 ಮಿಲಿಮೀಟರ್ ದಪ್ಪ. ಹತ್ತು ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಸುಮಾರು 10 ಕೆ.ಜಿ., ಅಂದರೆ ಒಂದು ಸಣ್ಣ ಕೊಡ ನೀರಿನ ಭಾರದಷ್ಟು ಎಳೆದರೆ ಅದಕ್ಕೆ ಸಾಕಾಗುತ್ತದೆ. ನಮ್ಮ ಹುಡುಗರು ಪಾನಾಕ್ಕೆ ಪೈಪು ಸಿಕ್ಕಿಸಿ ತಿರುಗಿಸುತ್ತಾರೆ. ಟಕ್ ಅಂತ ತಲೆ ಕೈಗೆ ಬರುತ್ತದೆ, ಮೈ ಒಳಗೇ ಉಳಿಯುತ್ತದೆ.

ಇನ್ನು ಮುಖ್ಯ ಮಾತು. ಸ್ಕ್ರೂ ಮುರಿದದ್ದರಿಂದ ಇಂಜಿನ್ ಕೆಡುವುದಿಲ್ಲ. ಅದಾದ ಮೇಲಿನ ಹತ್ತು ನಿಮಿಷದ ಅವಸರದಿಂದ ಕೆಡುತ್ತದೆ. ಕೂಡಲೇ ಡ್ರಿಲ್ ತಂದು ಕೊರೆಯುತ್ತಾರೆ. ಉಕ್ಕು ಗಟ್ಟಿ, ಪಕ್ಕದ ಅಲ್ಯೂಮಿನಿಯಂ ಮೆತ್ತಗೆ. ಡ್ರಿಲ್ ಜಾರಿ ಮೆತ್ತಗಿರುವ ಕಡೆಗೇ ಹೋಗುತ್ತದೆ. ತೂತು ಸೊಟ್ಟ ಆಯಿತು, ಥ್ರೆಡ್ ಹೋಯಿತು. ಆಗ "ಕೇಸಿಂಗೇ ಬದಲಿ ಮಾಡಬೇಕ್ರೀ" ಎಂಬ ಮಾತು ಬರುತ್ತದೆ. ಸ್ಕ್ರೂವಿನ ಬೆಲೆ ಕೆಲವು ರೂಪಾಯಿ, ಕೇಸಿಂಗ್ ಬೆಲೆ ಎಷ್ಟು ಕಂತು ಎಂದು ನೀವೇ ಲೆಕ್ಕ ಹಾಕಿ.

ಹಾಗಾದರೆ ಏನು ಮಾಡಬೇಕು? ಕೈ ಬಿಟ್ಟು ಕೂಡಬೇಕು, ಒಂದು ಚಹಾ ಕುಡಿಯಬೇಕು. ನಗಬೇಡಿ, ಇದೂ ಕೆಲಸದ ಭಾಗವೇ. ತಲೆ ಮುರಿದ ಸ್ಕ್ರೂ ಮುಚ್ಚಳವನ್ನು ಒತ್ತಿ ಹಿಡಿಯುವುದಿಲ್ಲ, ಅದರ ಬಿಗಿತ ಹೋಗಿರುತ್ತದೆ. ಉಳಿದಿರುವುದು ತುಕ್ಕಿನ ಹಿಡಿತ ಮಾತ್ರ. ಉಳಿದ ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳವನ್ನು ಮೆಲ್ಲಗೆ ಹೊರಗೆ ಎಳೆದರೆ ಬಹಳ ಸಲ ಮುರಿದ ತುಂಡು ಬೆರಳಿನ ಗೆಣ್ಣಿನಷ್ಟು ಎದ್ದು ನಿಂತಿರುತ್ತದೆ. ಅದರ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ಮರುದಿನ ಲಾಕ್ ಆಗುವ ಇಕ್ಕಳದಿಂದ ಗಟ್ಟಿಯಾಗಿ ಹಿಡಿದು ಸ್ವಲ್ಪ ಬಿಗಿಯುವ ಕಡೆ, ಸ್ವಲ್ಪ ಬಿಚ್ಚುವ ಕಡೆ, ಹಿಂದೆ ಮುಂದೆ ಆಡಿಸಬೇಕು. ಒಂದೇ ಕಡೆ ಜಗ್ಗಿದರೆ ಅದೂ ಮುರಿಯುತ್ತದೆ.

ಜಗ್ಗದಿದ್ದರೆ ಶಾಖ ಕೊಡುತ್ತಾರೆ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ತೂತು ಸಡಿಲವಾಗುತ್ತದೆ. ಆದರೆ ಹಚ್ಚಿದ ಎಣ್ಣೆ ಒರೆಸಿ, ಪೆಟ್ರೋಲ್ ಟ್ಯಾಂಕ್ ದೂರ ತೆಗೆದಿಟ್ಟ ಮೇಲೆಯೇ ಈ ಕೆಲಸ. ಮನೆಯಂಗಳದಲ್ಲಿ, ಮಕ್ಕಳ ನಡುವೆ ಬೇಡವೇ ಬೇಡ.

ತುಂಡು ಪೂರ್ತಿ ಒಳಗೆ ಮುರಿದಿದ್ದರೆ ಅನುಭವದ ಕೈ ಬೇಕು. ಒಳ್ಳೆಯ ವೆಲ್ಡಿಂಗ್ ಮಿಸ್ತ್ರಿ ತುಂಡಿನ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡಿ ಎರಡನ್ನೂ ಒಂದು ಮಾಡುತ್ತಾನೆ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ವೆಲ್ಡಿನ ಶಾಖ ತುಕ್ಕನ್ನೂ ಬಿಡಿಸುತ್ತದೆ. ಆಮೇಲೆ ನಟ್ಟಿಗೆ ಪಾನಾ ಹಚ್ಚಿ ತಿರುಗಿಸಿದರಾಯಿತು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ವೈರು ಬಿಚ್ಚಲು ಹೇಳಿ. ಇದು ನಮಗೆ ಬಹಳ ಮೆಚ್ಚಿಗೆಯಾದ ವಿಧಾನ. ಇನ್ನೊಂದು ವಿಧಾನದಲ್ಲಿ ತುಂಡಿನ ನಟ್ಟನಡುವೆ ಪಂಚ್‌ನಿಂದ ಗುರುತು ಮಾಡಿ, ಸಣ್ಣ ಡ್ರಿಲ್‌ನಿಂದ ತೂತು ಹಾಕಿ, ಎಕ್ಸ್‌ಟ್ರ್ಯಾಕ್ಟರ್ ಎಂಬ ಉಲ್ಟಾ ಥ್ರೆಡ್ಡಿನ ಉಪಕರಣ ಹೊಗಿಸಿ ತಿರುಗಿಸುತ್ತಾರೆ. ಅದು ಬಹಳ ಗಡಸು, ಆದರೆ ಪಟ್ಟನೆ ಮುರಿಯುತ್ತದೆ. ಒಳಗೆ ಮುರಿದರೆ ಸಾದಾ ಡ್ರಿಲ್ ಅದನ್ನು ಕೊರೆಯದು. ಥ್ರೆಡ್ ಹಾಳಾಗಿದ್ದರೂ ದಾರಿ ಇದೆ. ತೂತು ಸ್ವಲ್ಪ ದೊಡ್ಡದು ಮಾಡಿ ಒಳಗೆ ಸ್ಪ್ರಿಂಗ್‌ನಂಥ ಹೊಸ ಥ್ರೆಡ್ ಕೂಡಿಸುತ್ತಾರೆ. ಲೇಥ್ ಅಂಗಡಿಯಲ್ಲಿ ವಿಚಾರಿಸಿ. ಮುರಿದ ಕಡೆ ಎಂ-ಸೀಲ್ ಬಳಿದು ಓಡಿಸುವವರೂ ಇದ್ದಾರೆ. ಒತ್ತಡದ ಬಿಸಿ ದ್ರವ ಅದನ್ನು ನಂಬಿ ನಿಲ್ಲುವುದಿಲ್ಲ. ಹನಿ ಹನಿ ಸೋರಿ ಖಾಲಿಯಾದರೆ ಇಂಜಿನ್ ಕಾದು ಹೆಡ್ ಸೊಟ್ಟಗಾಗುತ್ತದೆ. ಅದು ನಿಜವಾದ ದೊಡ್ಡ ಖರ್ಚು.

ಅದಕ್ಕೇ ಸಾಲದ ಅರ್ಜಿ ಬಂದಾಗ ಕೇಳಿ: ತುಂಡು ಎದ್ದು ನಿಂತಿದೆಯೋ, ಒಳಗಿದೆಯೋ? ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟಿದ್ದೀರಾ? ವೆಲ್ಡಿಂಗ್ ಅಂಗಡಿಗೆ ತೋರಿಸಿದ್ದೀರಾ? ಬದಲಿಸಲೇಬೇಕು ಅಂದರೆ ಹಳೆಯ ಭಾಗ ತಂದು ತೋರಿಸಿ. ಇದು ಮಿಸ್ತ್ರಿಯ ಮೇಲೆ ಸಂಶಯ ಅಲ್ಲ. ತಿಳಿದು ಕೇಳುವ ಗಿರಾಕಿ ಎಂದರೆ ಒಳ್ಳೆಯ ಮಿಸ್ತ್ರಿಗೂ ಸಂತೋಷವೇ.

ಬಿಚ್ಚುವಾಗ ಮಾಡುವ ಒಂದು ಸಣ್ಣ ಉಪಾಯವೂ ಇದೆ, ಇದರಲ್ಲಿ ನಿಮ್ಮ ಕೈ ಮುಂದು. ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಸ್ಕ್ರೂ ಇದ್ದ ಜಾಗದಲ್ಲೆಲ್ಲ ತೂತು ಮಾಡಿ, ಬಿಚ್ಚಿದ ಸ್ಕ್ರೂ ಅಲ್ಲೇ ಚುಚ್ಚಿಡಿ. ಅವುಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ಕೇಸಿಂಗ್ ಸೀಳುತ್ತದೆ. ತಿರುಗಿ ಹಾಕುವಾಗ ಮೊದಲು ಬೆರಳಿನಿಂದಲೇ ತಿರುಗಬೇಕು. ಬೆರಳಿಗೆ ಬಾರದ ಸ್ಕ್ರೂಗೆ ಪಾನಾ ಹಚ್ಚಬಾರದು.

ಈಗ ಗಾಡಿಗಿಂತ ದೊಡ್ಡ ಮಾತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಯಾರೂ ತೆರೆಯಬಾರದು. ಕುಕ್ಕರ್ ಇದ್ದ ಹಾಗೆ ಅದು. ಒತ್ತಡದಲ್ಲಿ ಒಳಗಿನ ದ್ರವ 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆರೆದೊಡನೆ ಮುಖಕ್ಕೆ ಚಿಮ್ಮುತ್ತದೆ. ಸೀಟಿ ಇಳಿಯದ ಕುಕ್ಕರ್ ನೀವು ತೆರೆಯುತ್ತೀರಾ? ಇಂಜಿನ್ ಕೈಗೆ ತಣ್ಣಗೆ ಹತ್ತುವವರೆಗೆ ಕಾಯಬೇಕು.

ಹಳೆಯ ಕೂಲಂಟ್ ಇಳಿಸಿದ ಮೇಲೆ ಅದು ಎಲ್ಲಿ ಹೋಗುತ್ತದೆ? ಅಂಗಳದ ಬೋಗುಣಿಯಲ್ಲಿ, ಇಲ್ಲವೇ ಕುಡಿಯುವ ನೀರಿನ ಬಾಟಲಿಯಲ್ಲಿ. ಸಾಮಾನ್ಯವಾಗಿ ಅದರಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್ ಎಂಬ ವಿಷ. ನೋಡಲು ಶರಬತ್ತಿನ ಬಣ್ಣ, ರುಚಿಯೂ ಸಿಹಿ. ಮಗು ಕುಡಿಯುತ್ತದೆ, ನಾಯಿ ನೆಕ್ಕುತ್ತದೆ, ಮೇಕೆ ಬಾಯಿ ಹಾಕುತ್ತದೆ. ಅದು ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಜೀವ ತೆಗೆಯುತ್ತದೆ. ಮೊದಲ ಕೆಲವು ತಾಸು ಬರೀ ಅಮಲು ಬಂದ ಹಾಗೆ ಕಾಣಬಹುದು, ಮಲಗಿ ಎದ್ದರೆ ಸರಿಹೋದೀತೆಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. 108ಕ್ಕೆ ಫೋನ್ ಮಾಡಿ, ಕೂಡಲೇ ದವಾಖಾನೆಗೆ ಒಯ್ಯಿರಿ, ಕೂಲಂಟ್ ಡಬ್ಬಿಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ. ಹಳೆಯ ಕೂಲಂಟ್ ಅನ್ನು ಅದೇ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಗ್ಯಾರೇಜಿಗೆ ಕೊಡಿ. ಬಾವಿ, ಬೋರು, ಚರಂಡಿ ಯಾವುದಕ್ಕೂ ಸುರಿಯಬೇಡಿ.

ಮಾತು ಇಷ್ಟು ಸಾಕು. ಹೊರಗೆ ಬೇವಿನ ಗಿಡದ ಕೆಳಗೆ ಒಂದು ಹಳೆಯ ಕೇಸಿಂಗ್ ಇಟ್ಟಿದ್ದೇವೆ, ಅದರಲ್ಲಿ ಮೂರು ಸ್ಕ್ರೂ ಮುರಿದಿವೆ, ನಿನ್ನೆ ರಾತ್ರಿಯೇ ಎಣ್ಣೆ ಹಾಕಿಟ್ಟಿದ್ದೇವೆ. ಚಹಾ ಕುಡಿದು ಬರ್ರಿ. ಮೊದಲು ಇಕ್ಕಳ ಯಾರು ಹಿಡೀತೀರಿ, ನೀವೇ ಹೇಳ್ರಿ.