ಒತ್ತಾಗಿ ನೆಟ್ಟರೆ ಕಿತ್ತಳೆ ಉಳಿದೀತೆ?

ಕಿತ್ತಳೆಯ ಹೆಸರಿನಲ್ಲಿಯೇ ಒಂದು ಹೋಲಿಕೆ ಅಡಗಿದೆ. ಈಳೆ ಎಂಬುದು ಈ ಹಣ್ಣಿನ ಕುಲದ ಹಳೆಯ ಹೆಸರು. ಹಿರಿದಾದ ಈಳೆ ಹೇರಿಳೆಯಾಯಿತು, ಕಿರಿದಾದ ಈಳೆ ಕಿತ್ತಿಳೆಯಾಗಿ ಕಿತ್ತಳೆಯಾಯಿತು. ಕನ್ನಡ ಪಾಠ ಹೇಳುವವನಿಗೆ ಇಷ್ಟು ತಿಳಿದರೆ ಸಾಕೆಂದು ನಾನೂ ಎಣಿಸಿದ್ದೆ. ಆದರೆ ಕೊಡಗಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಹಳದಿಗಟ್ಟಿದ ಕೊಂಬೆಯನ್ನು ಹಿಡಿದು ಬಂದು, “ಮೇಷ್ಟ್ರೆ, ಹತ್ತು ವರ್ಷಕ್ಕೆ ಸಾಯುವ ಗಿಡವನ್ನು ಮತ್ತೆ ಏಕೆ ನೆಡಬೇಕು, ಹೇಳಿ” ಎಂದು ಕೇಳಿದ. ವ್ಯಾಕರಣದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ನಿಮ್ಮ ಮುಂದಿಡುತ್ತೇನೆ.

ಕಿತ್ತಳೆಗೆ ಬರುವ ರೋಗಗಳು ಹಲವು. ಅವುಗಳಲ್ಲಿ ಅತಿ ಕ್ರೂರವಾದುದು ಗ್ರೀನಿಂಗ್ ರೋಗ. ಚೀನೀಯರು ಇದನ್ನು ಹ್ವಾಂಗ್‌ಲಾಂಗ್‌ಬಿಂಗ್, ಎಂದರೆ ಹಳದಿ ಚಿಗುರಿನ ರೋಗ, ಎನ್ನುತ್ತಾರೆ. ಸಿಲ್ಲಾ ಎಂಬ ಮೂರು ನಾಲ್ಕು ಮಿಲಿಮೀಟರಿನ ಕೀಟವೊಂದು ಬಾಲವನ್ನು ಮೇಲೆತ್ತಿ ಕುಳಿತು ಎಳೆಚಿಗುರಿನ ರಸ ಹೀರುತ್ತದೆ. ಹೀರುವಾಗ ರೋಗಾಣುವನ್ನು ಮರದೊಳಕ್ಕೆ ಬಿಡುತ್ತದೆ. ಆ ರೋಗಾಣು ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಒಯ್ಯುವ ನಾಳದಲ್ಲಿ ನೆಲೆಸುತ್ತದೆ. ನಾಳ ಕಟ್ಟಿಕೊಂಡರೆ ಬೇರು ಉಪವಾಸ ಬೀಳುತ್ತದೆ. ಎಲೆಯ ಎಡಬಲಗಳಲ್ಲಿ ಒಂದಕ್ಕೊಂದು ಹೊಂದದ ಹಳದಿ ಮಚ್ಚೆ, ಸೊಟ್ಟಗಾದ ಕಾಯಿ, ತುದಿಯಲ್ಲಿ ಹಸುರಾಗಿಯೇ ಉಳಿಯುವ ಹಣ್ಣು, ಇವು ಲಕ್ಷಣಗಳು. ರೋಗ ತಗುಲಿ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳೇ, ಕಳೆದ ಮೇಲೆ ಇವು ಕಾಣುತ್ತವೆ. ತಗುಲಿದ ಮರವನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ಇಲ್ಲ.

ಇದು ಎಂತಹ ಅನಾಹುತ ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಫ್ಲೋರಿಡಾ ಸಾಕ್ಷಿ. ಅಲ್ಲಿ ಕೀಟ ಕಾಣಿಸಿದ್ದು ೧೯೯೮ರಲ್ಲಿ, ರೋಗ ೨೦೦೫ರಲ್ಲಿ. ೨೦೦೩-೦೪ರ ಹಂಗಾಮಿನಲ್ಲಿ ಸುಮಾರು ೨೪ ಕೋಟಿ ಪೆಟ್ಟಿಗೆಯಷ್ಟಿದ್ದ ಕಿತ್ತಳೆಯ ಫಸಲು ೨೦೨೩-೨೪ರಲ್ಲಿ ೨ ಕೋಟಿಯನ್ನೂ ಮುಟ್ಟಲಿಲ್ಲ. ಬಿರುಗಾಳಿಗಳದೂ ಇದರಲ್ಲಿ ಪಾಲುಂಟು; ಆದರೆ ದೊಡ್ಡ ಪಾಲು ರೋಗದ್ದೇ.

ಅಲ್ಲಿನ ಬೆಳೆಗಾರರು ಹಿಡಿದ ದಾರಿಗಳಲ್ಲಿ ಒಂದು, ಒತ್ತಾಗಿ ನೆಡುವುದು. ಲೆಕ್ಕವನ್ನು ನೀವೇ ಮಾಡಿ ನೋಡಿ. ಎಕರೆಗೆ ೪೩,೫೬೦ ಚದರಡಿ. ೨೦ ಅಡಿಗೊಂದರಂತೆ ನೆಟ್ಟರೆ ೧೦೮ ಗಿಡ. ಸಾಲಿನ ನಡುವೆ ೧೫, ಗಿಡದ ನಡುವೆ ೧೦ ಅಡಿ ಬಿಟ್ಟರೆ ೨೯೦. ಮೂರರಲ್ಲೊಂದು ಸತ್ತರೂ ಎರಡನೆಯ ತೋಟದಲ್ಲಿ ೧೯೦ಕ್ಕೆ ಮೇಲ್ಪಟ್ಟು ಉಳಿಯುತ್ತವೆ. ಮೊದಲನೆಯದರಲ್ಲಿ ೭೨ ಮಾತ್ರ. ಅದಕ್ಕಿಂತ ಮುಖ್ಯವಾದುದು ಕಾಲ. ಅಗಲವಾಗಿ ನೆಟ್ಟ ಮರಗಳು ನೆಲವನ್ನು ತುಂಬಲು ಬಹಳ ವರ್ಷ ಬೇಕು. ಅಷ್ಟರಲ್ಲಿ ರೋಗ ಬಂದಿರುತ್ತದೆ. ಒತ್ತಾಗಿ ನೆಟ್ಟವು ಬೇಗ ನೆಲ ತುಂಬಿ, ಮೊದಲ ವರ್ಷಗಳಲ್ಲಿಯೇ ಎಕರೆಗೆ ಹೆಚ್ಚು ಫಲ ಕೊಡುತ್ತವೆ. ರೋಗ ಗೆಲ್ಲುವ ಮೊದಲೇ ಹಾಕಿದ ಹಣ ಕೈಸೇರಬೇಕು, ಇದೇ ಇದರ ಗುಟ್ಟು.

ಹಾಗೆಂದು ನಾಳೆಯೇ ಗುಂಡಿ ತೋಡಬೇಡಿ. ಒತ್ತು ನೆಡುವಿಕೆ ಮದ್ದಲ್ಲ. ಅದು ನಷ್ಟವನ್ನು ಹಂಚಿಕೊಳ್ಳುವ ಉಪಾಯ. ಫ್ಲೋರಿಡಾದ ತೋಟಗಳನ್ನು ಅದೊಂದೇ ಉಳಿಸಲಿಲ್ಲವೆಂಬುದನ್ನು ಮೇಲಿನ ಅಂಕಿಗಳೇ ಹೇಳುತ್ತವೆ. ಗಿಡಗಳ ಸಂಖ್ಯೆ ಹೆಚ್ಚಿದಂತೆ ಸಸಿಯ ಖರ್ಚೂ ಹೆಚ್ಚುತ್ತದೆ. ಸಸಿಗಳು ಕೀಟ ನುಸುಳದ ಬಲೆಮನೆಯಲ್ಲಿ ಬೆಳೆದು, ರೋಗವಿಲ್ಲವೆಂದು ಪರೀಕ್ಷೆಯಾದ ಮರದ ಕಣ್ಣು ಕಟ್ಟಿದವಾಗಿರಬೇಕು. ಇಲ್ಲವಾದರೆ ರೋಗವನ್ನೇ ಒತ್ತಾಗಿ ನೆಟ್ಟಂತಾದೀತು. ಮರವನ್ನು ಗಿಡ್ಡಾಗಿಸುವ ಬೇರುಗಿಡ ಬೇಕು; ವರ್ಷವರ್ಷವೂ ಸವರಬೇಕು, ಇಲ್ಲದಿದ್ದರೆ ಕೊಂಬೆ ಕೊಂಬೆಗೆ ತಾಗಿ ಒಳಗೆ ಬಿಸಿಲು ಬೀಳದು. ನೀರು ಗೊಬ್ಬರಗಳನ್ನು ಹನಿಹನಿಯಾಗಿ, ಮೇಲಿಂದ ಮೇಲೆ ಕೊಡಬೇಕು. ಚಿಗುರೊಡೆಯುವ ಕಾಲದಲ್ಲಿ ಕೀಟವನ್ನು ಕಾಯಬೇಕು. ಕೀಟ ಹೆಚ್ಚಾಗಿ ತೋಟದ ಅಂಚಿನಿಂದ ಒಳಕ್ಕೆ ಬರುತ್ತದೆ. ಆದುದರಿಂದ ಅಂಚಿನ ಸಾಲುಗಳ ಮೇಲೆ ಕಣ್ಣಿರಲಿ. ಅಡಿಗೆಮನೆಯ ಹಿಂದಿನ ಕರಿಬೇವಿನ ಮೇಲೂ ಈ ಕೀಟ ಮರಿಮಾಡುವುದುಂಟು. ನೆರೆಯವನು ಸುಮ್ಮನಿದ್ದರೆ ನಿಮ್ಮೊಬ್ಬರ ಶ್ರಮದಿಂದ ಹೆಚ್ಚು ಫಲವಿಲ್ಲ.

ಕೊಡಗಿನ ಕಿತ್ತಳೆ ಬಹುಮಟ್ಟಿಗೆ ಕಾಫಿಯ ನಡುವೆ, ನೆರಳಿನಲ್ಲಿ ಬೆಳೆಯುವ ಮರ. ಅಲ್ಲಿ ಫ್ಲೋರಿಡಾದ ಅಳತೆಗೋಲು ಹಾಗೆಯೇ ನಡೆಯದು. ಬಯಲಾದ ಅರ್ಧ ಎಕರೆಯಲ್ಲಿ ಮಾತ್ರ ಒತ್ತಾಗಿ ನೆಟ್ಟು, ಸಸಿಯಿಂದ ಹಿಡಿದು ಕೂಲಿಯವರೆಗೆ ಖರ್ಚನ್ನೂ ಫಲವನ್ನೂ ಬರೆದಿಟ್ಟು ನೋಡುವುದು ಜಾಣತನ. ಚೆಟ್ಟಳ್ಳಿಯಲ್ಲಿ ತೋಟಗಾರಿಕೆಯ ಪ್ರಯೋಗ ಕೇಂದ್ರವಿದೆ. ನೆಡುವ ಮುನ್ನ ಅಲ್ಲಿ ವಿಚಾರಿಸಿ.

ಮರವನ್ನು ಮಗನಿಗೆ ಸಮವೆಂದು ಬಗೆದವರು ನಮ್ಮ ಹಿರಿಯರು. ಅಜ್ಜ ನೆಟ್ಟುದನ್ನು ಮೊಮ್ಮಗ ತಿನ್ನಬೇಕೆಂಬುದು ಅವರ ಲೆಕ್ಕ. ಈಗ ನೆಟ್ಟವನೇ ಉಂಡು, ನೆಟ್ಟವನೇ ಕಡಿಯಬೇಕಾಗಿ ಬಂದಿದೆ. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದು ಮರವಲ್ಲ ಮೇಷ್ಟ್ರೆ, ಬೆಳೆ” ಎಂದ. ಹೌದು. ಬೆಳೆಯೆಂದು ತಿಳಿದು ನೆಟ್ಟವನಿಗೆ ಲೆಕ್ಕವಾದರೂ ಉಳಿದೀತು. ಅವನು ಅರ್ಧ ಎಕರೆಗೆ ಸಸಿ ಹೇಳಿಟ್ಟಿದ್ದಾನೆ. ಜೊತೆಗೆ ಮನೆಯ ಮುಂದೆ, ಯಾವ ಲೆಕ್ಕಕ್ಕೂ ಸೇರಿಸದೆ, ಒಂದೇ ಒಂದು ಗಿಡವನ್ನು ಅಜ್ಜನ ಕಾಲದಂತೆ ಅಗಲವಾಗಿ ನೆಡುತ್ತಾನಂತೆ. ಅದನ್ನು ಬೇಡವೆನ್ನಲು ನನಗೆ ಮನಸ್ಸು ಬರಲಿಲ್ಲ. ಅದನ್ನೂ ಕೀಟದಿಂದ ಕಾಯಬೇಕೆಂದು ಮಾತ್ರ ಹೇಳಿದೆ.