ಶಾಲೆಯಲ್ಲಿ ಮಗುವನ್ನು ಬಲ್ಲವರು ಯಾರು?



ಕಥೋಲಿಕ ಪ್ರೌಢಶಾಲೆಗಳ ಸಮುದಾಯ ಜೀವನ ಮತ್ತು ಅಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ಆಸರೆ, ಇದು ಈ ವಿಚಾರ ಸಂಕಿರಣದ ವಿಷಯ. ಆಮಂತ್ರಣ ಪತ್ರಿಕೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಗೋಷ್ಠಿಗಳಿವೆ. ಅನುಕೂಲಕ್ಕೆ ಹಾಗೆ ಮಾಡಿದ್ದಾರೆ, ತಪ್ಪಿಲ್ಲ. ನಾನು ಮಾತ್ರ ಇವೆರಡನ್ನೂ ಒಂದೇ ಎಂದುಕೊಂಡು ಮಾತಾಡುತ್ತೇನೆ. ಶಾಲೆಗೆ ಬರುವ ಪ್ರತಿ ಮಗುವನ್ನೂ ಹತ್ತಿರದಿಂದ ಬಲ್ಲ ಒಬ್ಬರಾದರೂ ದೊಡ್ಡವರು ಆ ಶಾಲೆಯಲ್ಲಿ ಇರಬೇಕು. ಅವಳ ಮನೆಯಲ್ಲಿ ಯಾರ್ಯಾರಿದ್ದಾರೆ, ಬೆಳಿಗ್ಗೆ ಏನಾದರೂ ತಿಂದು ಬಂದಿದ್ದಾಳೆಯೇ, ಬೀಜಗಣಿತದಲ್ಲಿ ಯಾವ ಹಂತದಲ್ಲಿ ಕೈಬಿಟ್ಟಳು, ಹೋದ ವಾರದಿಂದ ಯಾಕೆ ಮಂಕಾಗಿದ್ದಾಳೆ, ಇಷ್ಟನ್ನು ಬಲ್ಲವರು. ಅಂಥವರು ಇರುವ ಕಡೆ ಸಮುದಾಯವೂ ಇದೆ, ಆಸರೆಯೂ ಇದೆ. ಇಲ್ಲದ ಕಡೆ ವಾರ್ಷಿಕೋತ್ಸವ ಎಷ್ಟು ಅದ್ದೂರಿಯಾಗಿ ನಡೆದರೂ, ಆಪ್ತ ಸಮಾಲೋಚನೆಯ ಕೊಠಡಿಗೆ ಎಷ್ಟು ಚಂದದ ಬೋರ್ಡು ತೂಗಿಸಿದರೂ ಎರಡೂ ಇಲ್ಲ.

ನಮ್ಮ ಶಾಲೆಗಳ ಚರಿತ್ರೆ ನಿಮಗೆಲ್ಲ ಗೊತ್ತು. ಅದನ್ನು ಉದ್ದಕ್ಕೆ ಹೇಳುವುದಿಲ್ಲ. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಯೇಸುಸಭೆಯವರು ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು ಆರಂಭಿಸಿದ್ದು 1880ರಲ್ಲಿ. 1921ರಲ್ಲಿ ಒಂದೇ ಊರಿನಲ್ಲಿ ಸಂತ ಆಗ್ನೆಸ್ ಕಾಲೇಜು ಹುಟ್ಟಿತು, ರೇಮಂಡ್ ಮಸ್ಕರೇನ್ಹಸ್ ಎಂಬ ಧರ್ಮಗುರುಗಳು ಕಟ್ಟಿದ ಬೆಥನಿ ಸಂಸ್ಥೆಯೂ ಹುಟ್ಟಿತು. ಪಟ್ಟಣದ ದೊಡ್ಡ ಕಟ್ಟಡಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಹಳ್ಳಿಯಲ್ಲಿ ಇಗರ್ಜಿಯ ಪಕ್ಕ ಹಂಚಿನ ಮಾಡಿನ ಕೆಳಗೆ ನಡೆದ ಶಾಲೆಗಳು. ಅಲ್ಲಿ ಟೀಚರಿಗೆ ಮಗುವಿನ ಮನೆಯ ದಾರಿ ಗೊತ್ತಿತ್ತು. ಇಗರ್ಜಿಯ ವ್ಯಾಪ್ತಿಯಲ್ಲಿ ವಾರ್ಡುಗಳು, ವಾರ್ಡಿಗೊಬ್ಬ ಗುರ್ಕಾರ ಎಂಬ ಮುಂದಾಳು. ಒಂದು ಮನೆಯಲ್ಲಿ ಅಪ್ಪ ಕುಡಿತಕ್ಕೆ ಬಿದ್ದರೆ, ಅಮ್ಮ ಹಾಸಿಗೆ ಹಿಡಿದರೆ ಸುದ್ದಿ ಭಾನುವಾರದ ಪೂಜೆಯೊಳಗೆ ಫಾದರ್ ಕಿವಿಗೆ ಬೀಳುತ್ತಿತ್ತು. ಸೋಮವಾರ ಶಾಲೆಗೂ ತಿಳಿಯುತ್ತಿತ್ತು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಪುಸ್ತಕ, ಅಕ್ಕಿ, ಔಷಧದ ಖರ್ಚು ಎಂದು ಸದ್ದಿಲ್ಲದೆ ತಲುಪಿಸುತ್ತಿದ್ದರು.

ಈ ವ್ಯವಸ್ಥೆ ಇಂದಿಗೂ ಇದೆ. ಆದರೆ ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ಬಹುಪಾಲು ಮಕ್ಕಳ ಮನೆಗಳು ಯಾವ ಗುರ್ಕಾರನ ಪಟ್ಟಿಯಲ್ಲೂ ಇಲ್ಲ. ಅವರು ಹಿಂದೂಗಳು, ಮುಸ್ಲಿಮರು, ಬೇರೆ ಜಿಲ್ಲೆಯಿಂದ ದುಡಿಯಲು ಬಂದವರ ಮಕ್ಕಳು. ಅವರ ಮನೆಯ ಕಷ್ಟ ಶಾಲೆಗೆ ತಿಳಿಯುವ ದಾರಿಯನ್ನು ನಾವು ಇನ್ನೂ ಕಟ್ಟಿಲ್ಲ. ನಾನು ಇಲ್ಲಿ ಹೇಳಬೇಕೆಂದುಕೊಂಡದ್ದರಲ್ಲಿ ಮುಖ್ಯವಾದದ್ದು ಇದೇ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಸ್ವಾತಂತ್ರ್ಯ ಮತ್ತು ಪ್ರೀತಿ ಉಸಿರಾಡುವ ಒಂದು ಸಮುದಾಯವಾಗಿ ಶಾಲೆಯನ್ನು ಬೆಳೆಸುವುದೇ ಕಥೋಲಿಕ ಶಾಲೆಯ ವಿಶೇಷ ಎಂಬುದು ಅದರ ತಾತ್ಪರ್ಯ. ಅದು ಅಲ್ಲಿಗೇ ನಿಲ್ಲುವುದಿಲ್ಲ. ಬಡವರು, ಕುಟುಂಬದ ಆಸರೆ ಅಕ್ಕರೆ ಎರಡೂ ಇಲ್ಲದವರು, ಕ್ರೈಸ್ತ ವಿಶ್ವಾಸಕ್ಕೆ ಸೇರದವರು, ಈ ಮೂವರ ಕಡೆಗೆ ವಿಶೇಷ ಕಾಳಜಿ ಇರಬೇಕೆಂದು ಹೆಸರಿಸಿ ಹೇಳುತ್ತದೆ. ಆ ಮೂವರೂ ಒಂದೇ ಮಗುವಾಗಿ ನಮ್ಮ ಎಂಟನೇ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿರುವುದನ್ನು ನಾನು ಅನೇಕ ಸಲ ನೋಡಿದ್ದೇನೆ.

ಕೊಪ್ಪಳ, ರಾಯಚೂರು, ಬಾಗಲಕೋಟೆಗಳಿಂದ ಕಟ್ಟಡದ ಕೆಲಸಕ್ಕೆ ಮಂಗಳೂರಿಗೆ ಬರುವ ಕುಟುಂಬಗಳ ಮಕ್ಕಳನ್ನು ನೆನೆದು ಹೇಳುತ್ತಿದ್ದೇನೆ. ಊರಿನವರು ಇಂಗ್ಲಿಷ್ ಮಾಧ್ಯಮದತ್ತ ನಡೆದ ಮೇಲೆ ಪಟ್ಟಣದ ಎಷ್ಟೋ ಕನ್ನಡ ಮಾಧ್ಯಮ ಶಾಲೆಗಳು ಬಾಗಿಲು ತೆರೆದಿರುವುದೇ ಈ ಮಕ್ಕಳಿಂದ. ಅವರು ಜೂನ್ ತಿಂಗಳಲ್ಲೇ ಬರುತ್ತಾರೆಂಬ ಖಾತ್ರಿಯಿಲ್ಲ. ದಸರೆ ಕಳೆದ ಮೇಲೆ ಬಂದದ್ದೂ ಉಂಟು. ಹಿಂದಿನ ಶಾಲೆಯ ಟಿ.ಸಿ. ತಡವಾಗುತ್ತದೆ. ಊರ ಜಾತ್ರೆಗೆಂದು ಹೋದವರು ಬಿತ್ತನೆ ಮುಗಿಸಿಕೊಂಡೇ ಮರಳುತ್ತಾರೆ. ಹಾಜರಿ ಪುಸ್ತಕದಲ್ಲಿ ಸಾಲಾಗಿ ಗೈರು.

ನಾನು ಕನ್ನಡ ಕಲಿಸಿದವಳು. ಒಂದು ವಿಷಯ ನನ್ನನ್ನು ಬಹಳ ಕಾಡಿದೆ. ನಮ್ಮ ತರಗತಿಯಲ್ಲಿ ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಕೊಂಕಣಿ, ಮತ್ತೊಬ್ಬರದು ಬ್ಯಾರಿ. ಕನ್ನಡ ಇವರಿಗೆಲ್ಲ ಶಾಲೆಯಲ್ಲಿ ಕಲಿತ ಭಾಷೆ, ಹಾಗಾಗಿ ಪುಸ್ತಕದ ಕನ್ನಡವನ್ನೇ ಆಡುತ್ತಾರೆ. ಕೊಪ್ಪಳದ ಕಡೆಯಿಂದ ಬಂದ, ಕನ್ನಡವೇ ತಾಯ್ನುಡಿಯಾದ ಹುಡುಗಿ ಎದ್ದು ನಿಂತು "ನಂಗ ತಿಳೀಲಿಲ್ರೀ ಟೀಚರ್" ಎಂದರೆ ಇಡೀ ತರಗತಿ ನಗುತ್ತದೆ. ಮಾರನೆಯ ದಿನದಿಂದ ಅವಳು ತಿಳಿಯದಿದ್ದರೂ ಕೇಳುವುದಿಲ್ಲ. ಇಂಥ ಒಬ್ಬಳು, ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ತೆರೆಯದವಳು, ಬಿಸಿಯೂಟದ ಅಡುಗೆಯಮ್ಮನ ಹತ್ತಿರ ಮಾತ್ರ ದಿನವೂ ಹರಟುತ್ತಿದ್ದಳು. ಆ ಅಮ್ಮ ಗದಗದ ಕಡೆಯವರು. ತಮ್ಮನನ್ನು ನೋಡಿಕೊಳ್ಳಲು ಅವಳು ವಾರಕ್ಕೆರಡು ದಿನ ಮನೆಯಲ್ಲಿ ಉಳಿಯುತ್ತಾಳೆ, ತಾಯಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ ಎಂಬುದು ಅಡುಗೆಮನೆಗೆ ಗೊತ್ತಿತ್ತು, ಸ್ಟಾಫ್ ರೂಮಿಗೆ ಗೊತ್ತಿರಲಿಲ್ಲ. ಸೋಮವಾರ ಯಾರು ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ, ಯಾರು ತಟ್ಟೆ ಮುಟ್ಟದೆ ಏಳುತ್ತಾರೆ ಎಂಬುದು ಅಡುಗೆಯವರಿಗೆ ತಿಳಿದಷ್ಟು ನಮಗೆ ತಿಳಿಯುವುದಿಲ್ಲ. ತಿಂಗಳ ಸಭೆಯಲ್ಲಿ ಅವರನ್ನೂ ಕೂರಿಸಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇನೆ. ಆಟದ ಮಾಸ್ತರರನ್ನೂ, ಕಚೇರಿಯ ಸಹಾಯಕರನ್ನೂ.

ಸಂತ ಜಾನ್ ಬೋಸ್ಕೊ 1841ರಲ್ಲಿ ಇಟಲಿಯ ತುರಿನ್ ನಗರದಲ್ಲಿ ಕೆಲಸ ಆರಂಭಿಸಿದ್ದು ಇಂಥ ಮಕ್ಕಳ ನಡುವೆಯೇ. ಬೆಳೆಯುತ್ತಿದ್ದ ನಗರ, ಹಳ್ಳಿಗಾಡಿನಿಂದ ಗಾರೆ ಕೆಲಸಕ್ಕೆ, ಕಲ್ಲು ಹೊರಲು ಬಂದ ಹುಡುಗರು, ಅವರಿಗೆ ಗೊತ್ತಿದ್ದವರು ಆ ನಗರದಲ್ಲಿ ಯಾರೂ ಇಲ್ಲ. ಬೋಸ್ಕೊ ಅವರಿಗೆ ಆಟದ ಅಂಗಳ ಕೊಟ್ಟರು, ರಾತ್ರಿ ಶಾಲೆ ತೆರೆದರು. ಅದರ ಜೊತೆಗೆ, ಕೆಲಸ ಕಲಿಯಲು ಸೇರಿದ ಹುಡುಗರನ್ನು ಧಣಿಗಳು ಹೇಗೆ ನಡೆಸಿಕೊಳ್ಳಬೇಕು, ವಿಶ್ರಾಂತಿ ಎಷ್ಟು, ಕೂಲಿ ಎಷ್ಟು ಎಂದು ಬರೆದ ಕರಾರುಪತ್ರಕ್ಕೆ ಧಣಿಯ ಸಹಿ ಹಾಕಿಸಿದರು. 1877ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಚಿಕ್ಕ ಬರಹವೊಂದರಲ್ಲಿ ವಿವರಿಸಿದರು. ವಿವೇಕ, ಧರ್ಮ, ಅಕ್ಕರೆ ಅದರ ಮೂರು ಆಧಾರಗಳು. ತಪ್ಪು ಮಾಡಿದ ಮೇಲೆ ಬೆತ್ತ ಹಿಡಿಯುವುದಕ್ಕಿಂತ, ಮಕ್ಕಳು ಆಡುವಲ್ಲಿ ಕೂಡುವಲ್ಲಿ ಗುರು ಜೊತೆಗಿದ್ದು ತಪ್ಪಿನ ದಾರಿಗೆ ಹೋಗದಂತೆ ಕಾಯುವುದು ಲೇಸು ಎಂಬುದು ಅದರ ತಿರುಳು. ನಮ್ಮ ದೇಶದಲ್ಲಿ ಶಾಲೆಯ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ನಿಷೇಧಿಸಿದ್ದು 2009ರಲ್ಲಿ. ಬೋಸ್ಕೊ ಚಿತ್ರಕ್ಕೆ ಹಾರ ಹಾಕುವ ಶಾಲೆಗೆ ಆ ಕಲಮಿನ ಭಯ ಬೇಕಾಗಬಾರದಿತ್ತು.

ಇನ್ನು ಕಹಿಯಾದ ಮಾತು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮೆರಡು ಜಿಲ್ಲೆಗಳ ರಸ್ತೆಯಲ್ಲಿ ಹೋದರೆ ಶಾಲೆಯ ಗೇಟು ಗೇಟಿಗೂ ಶೇಕಡಾ ನೂರು ಎಂಬ ಬ್ಯಾನರು. ಉಡುಪಿ, ದಕ್ಷಿಣ ಕನ್ನಡ ರಾಜ್ಯದ ಮೇಲಿನ ಸ್ಥಾನಗಳಲ್ಲಿರುವುದು ನಮ್ಮ ಶಿಕ್ಷಕರ ದುಡಿಮೆಯ ಫಲ, ಅದರಲ್ಲಿ ನನಗೂ ಹೆಮ್ಮೆಯಿದೆ. ಆದರೆ ಆ ನೂರರ ಲೆಕ್ಕಕ್ಕೆ ಬರದ ಮಕ್ಕಳಿದ್ದಾರೆ. ಒಂಬತ್ತನೇ ತರಗತಿಯ ಕೊನೆಗೆ ಪಾಲಕರನ್ನು ಕರೆಸಿ, "ನಿಮ್ಮ ಮಗನಿಗೆ ಇಲ್ಲಿ ಕಷ್ಟವಾಗಬಹುದು, ಬೇರೆ ಶಾಲೆ ನೋಡಿ" ಎಂದು ಮೆತ್ತಗೆ ಹೇಳಿ ಟಿ.ಸಿ. ಕೊಡುತ್ತಾರೆ. ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿ ಎಂಬ ಸಲಹೆಯೂ ಉಂಟು. ಎಲ್ಲ ಶಾಲೆಗಳೂ ಹೀಗೆ ಮಾಡುತ್ತವೆಂದು ನಾನು ಹೇಳುತ್ತಿಲ್ಲ. ಮಾಡುವ ಶಾಲೆಗಳಿವೆ, ಇಲ್ಲಿರುವ ಎಲ್ಲರಿಗೂ ಅದು ಗೊತ್ತು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿಯನ್ನು ನಂಬಿದ ಸಂಸ್ಥೆ, ಶೇಕಡಾ ಲೆಕ್ಕಕ್ಕಾಗಿ ಒಂದನ್ನು ಹೊರಗೆ ಬಿಡುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಹಾಗೆ ಹೋದ ಹುಡುಗನಿಗೆ ಹದಿನಾಲ್ಕು ದಾಟಿರುತ್ತದೆ, ಕಡ್ಡಾಯ ಶಿಕ್ಷಣದ ರಕ್ಷಣೆ ತಪ್ಪಿರುತ್ತದೆ. ಹೊಸ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದನೋ, ಮೀನಿನ ದಕ್ಕೆಗೆ ಹೋದನೋ ಎಂದು ವಿಚಾರಿಸುವವರು ಯಾರು?

ಪ್ರಾರ್ಥನೆಯ ವಿಷಯಕ್ಕೆ ಹೆಚ್ಚು ಹೊತ್ತು ಬೇಡ, ಬಿಡುವಂತೆಯೂ ಇಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿ, ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ ಎಂದಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2024ರಲ್ಲಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಕ್ರೈಸ್ತ ಆಚರಣೆಗಳನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬಾರದು, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಬೇಕು ಎಂದು ತಿಳಿಸಿತು. ಕೆಲವರು ಇದನ್ನು ಹಿಂಜರಿಕೆ ಎಂದುಕೊಂಡರು. ನಾನು ಹಾಗೆ ಭಾವಿಸುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಆಶೀರ್ವದಿಸಿದ ಹೊಸ ತೆನೆಯನ್ನು ಕ್ರೈಸ್ತ ಹುಡುಗಿ ತಂದಾಗ, ನಮ್ಮ ಮನೆಯಲ್ಲೂ ಹೊಸ ಅಕ್ಕಿ ಊಟವಿದೆ ಎಂದು ತುಳು ಮನೆಯ ಗೆಳತಿ ಹೇಳುತ್ತಾಳೆ. ಮಕ್ಕಳು ತಾವಾಗಿ ಹೀಗೆ ಬೆರೆಯುತ್ತಾರೆ. ನಮ್ಮ ನಂಬಿಕೆಯ ಸಾಕ್ಷ್ಯ ಜಪದ ಗಟ್ಟಿ ದನಿಯಲ್ಲಿರುವುದಕ್ಕಿಂತ ರಂಜಾನಿನ ತಿಂಗಳಲ್ಲಿ ಉಪವಾಸವಿರುವ ಹುಡುಗನನ್ನು ಮಧ್ಯಾಹ್ನದ ಓಟದ ಸ್ಪರ್ಧೆಗೆ ಇಳಿಸದ ಸೂಕ್ಷ್ಮದಲ್ಲಿ ಹೆಚ್ಚು ಕಾಣುತ್ತದೆ.

ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ತಜ್ಞರು ನಾಳೆ ಮಾತಾಡಲಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಅರ್ಹ ಸಮಾಲೋಚಕರು ಇರಬೇಕೆಂದು ನಿರ್ದೇಶಿಸಿತು. ಅಂಕಗಳ ಮೇಲೆ ಮಕ್ಕಳನ್ನು ವಿಂಗಡಿಸುವುದು, ಎಲ್ಲರೆದುರು ಅವಮಾನಿಸುವುದು ಸಲ್ಲದು ಎಂದೂ ಹೇಳಿತು. ಈ ಎರಡನೆಯ ಮಾತಿಗೆ ಹಣ ಬೇಡ. ಎ ವಿಭಾಗ ಜಾಣರಿಗೆ, ಸಿ ವಿಭಾಗ ದಡ್ಡರಿಗೆ ಎಂಬ ಏರ್ಪಾಡನ್ನು ಬರುವ ಜೂನ್‌ನಲ್ಲೇ ನಿಲ್ಲಿಸಬಹುದು. ಸಮಾಲೋಚಕರು ಸಿಗುವವರೆಗೆ 14416ರ ಟೆಲಿ ಮಾನಸ್, 1098ರ ಮಕ್ಕಳ ಸಹಾಯವಾಣಿ, ಈ ಎರಡು ಸಂಖ್ಯೆಗಳು ಮುಖ್ಯೋಪಾಧ್ಯಾಯರ ಮೇಜಿನ ಗಾಜಿನಡಿ ಇದ್ದರೆ ಸಾಲದು, ಮಕ್ಕಳು ನೀರು ಕುಡಿಯುವ ನಲ್ಲಿಯ ಹತ್ತಿರ ದೊಡ್ಡದಾಗಿ ಬರೆದಿರಬೇಕು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಮಗುವೊಂದು ಬಂದು, ತನ್ನ ಮೈಮೇಲೆ ಯಾರೋ ಕೈಹಾಕಿದರೆಂದು ಟೀಚರ್ ಬಳಿಯೋ ಸಿಸ್ಟರ್ ಬಳಿಯೋ ಹೇಳಿದರೆ, ಗುಟ್ಟು ಕಾಯುತ್ತೇನೆಂದು ಮಾತು ಕೊಡುವಂತಿಲ್ಲ. 2012ರ ಪೋಕ್ಸೊ ಕಾಯಿದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆಯಿದೆ, ಸಂಸ್ಥೆಯ ಮುಖ್ಯಸ್ಥರಿಗೆ ಅದು ಇನ್ನೂ ಹೆಚ್ಚು. ಆಡಳಿತ ಮಂಡಳಿಯಲ್ಲಿ ಮೊದಲು ಚರ್ಚಿಸೋಣ, ಸಂಸ್ಥೆಯ ಹೆಸರು ಕೆಡುತ್ತದೆ, ಹುಡುಗಿಯ ಭವಿಷ್ಯ ನೋಡಬೇಕು, ಹೀಗೆಲ್ಲ ಮಾತು ಹುಟ್ಟುತ್ತದೆ. ಧೈರ್ಯ ಮಾಡಿ ಬಾಯಿಬಿಟ್ಟ ಮಗು ಅಂಥ ಪ್ರತಿ ಗಂಟೆಯೂ ಒಂಟಿಯಾಗುತ್ತಾ ಹೋಗುತ್ತದೆ. ಸಂಸ್ಥೆಯ ಹೆಸರು ಆ ಮಗುವಿಗಿಂತ ದೊಡ್ಡದಲ್ಲ.

ಹಾಗಾದರೆ ಮಾಡುವುದೇನು? ನನ್ನ ಸಲಹೆ ಸರಳ. ತರಗತಿ ಶಿಕ್ಷಕರೊಬ್ಬರು ಐವತ್ತು ಮಕ್ಕಳನ್ನು ಬಲ್ಲವರಾಗಿರುವುದು ಕಷ್ಟ. ಶಾಲೆಯ ಎಲ್ಲ ಶಿಕ್ಷಕರಿಗೂ, ಚಿತ್ರಕಲೆ, ಸಂಗೀತ, ಆಟದವರನ್ನೂ ಸೇರಿಸಿ, ಹದಿನೈದು ಇಪ್ಪತ್ತು ಮಕ್ಕಳನ್ನು ಹಂಚಿಕೊಡಿ. ಎಂಟರಿಂದ ಹತ್ತನೇ ತರಗತಿ ಮುಗಿಯುವವರೆಗೆ ಅದೇ ಮಕ್ಕಳಿಗೆ ಅದೇ ಶಿಕ್ಷಕರು. ವಾರಕ್ಕೊಂದು ಅವಧಿ ವೇಳಾಪಟ್ಟಿಯಲ್ಲೇ ಇರಲಿ, ಅದನ್ನು ಗಣಿತದ ವಿಶೇಷ ತರಗತಿ ನುಂಗದಿರಲಿ. ವರ್ಷಕ್ಕೊಮ್ಮೆ ಮನೆಭೇಟಿ ಮಾಡಿ. ಅಪ್ಪ ಗಲ್ಫಿನಲ್ಲಿ, ಅಮ್ಮ ಬೀಡಿ ಕಟ್ಟುವವಳು, ಪ್ರಗತಿ ಪತ್ರಕ್ಕೆ ಅಜ್ಜಿಯ ಹೆಬ್ಬೆಟ್ಟು, ಇದೆಲ್ಲ ಶಿಕ್ಷಕ ರಕ್ಷಕ ಸಂಘದ ಸಭೆಯಲ್ಲಿ ತಿಳಿಯುವುದಿಲ್ಲ. ಆ ಮನೆಯ ಜಗಲಿಯಲ್ಲಿ ಕುಳಿತಾಗ ತಿಳಿಯುತ್ತದೆ. ಗುರ್ಕಾರರ ಪಟ್ಟಿಯಲ್ಲಿಲ್ಲದ ಮನೆಗಳಿಗೆ ಮೊದಲು ಹೋಗಿ.

ಇಷ್ಟನ್ನು ಶಿಕ್ಷಕರಿಂದ ಬಯಸುವಾಗ ಅವರ ಸ್ಥಿತಿಯನ್ನೂ ನೋಡಬೇಕು. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ಖಾಲಿ. ಆಡಳಿತ ಮಂಡಳಿ ಕೊಡುವ ಸಣ್ಣ ಸಂಬಳಕ್ಕೆ ದುಡಿಯುವ ಯುವ ಶಿಕ್ಷಕಿಗೆ ಮುಂದಿನ ಜೂನ್‌ನಲ್ಲಿ ತಾನಿರುತ್ತೇನೆಯೇ ಎಂಬುದೇ ತಿಳಿದಿಲ್ಲ. ಮೂರು ವರ್ಷ ಒಂದು ಮಗುವಿನ ಜೊತೆ ನಡೆಯಿರಿ ಎಂದು ಅವಳನ್ನು ಕೇಳುವ ಸಂಚಾಲಕರು, ಮೂರು ವರ್ಷದ ನೇಮಕ ಪತ್ರವನ್ನೂ ಮರ್ಯಾದೆಯ ಸಂಬಳವನ್ನೂ ಕೊಡಬೇಕು. ಸಭಾಭವನದ ನೆಲಕ್ಕೆ ಹೊಸ ಗ್ರಾನೈಟ್ ಹಾಕಿಸುವ ಯೋಜನೆ ಒಂದು ವರ್ಷ ಮುಂದಕ್ಕೆ ಹೋದರೆ ಯಾರಿಗೂ ನಷ್ಟವಿಲ್ಲ.

ಗೋಷ್ಠಿಗಳು ಆರಂಭವಾಗುವ ಮುನ್ನ ನಿಮ್ಮಲ್ಲೊಂದು ವಿನಂತಿ. ನಿಮ್ಮ ಕೈಚೀಲದಲ್ಲಿ ಖಾಲಿ ಹಾಳೆಗಳಿವೆ. ಹೋದ ವರ್ಷ ನಿಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿದ್ದು ಈ ವರ್ಷ ಹತ್ತರಲ್ಲಿ ಇಲ್ಲದ ಮಕ್ಕಳು ಎಷ್ಟು, ಅವರು ಹೋದದ್ದು ಯಾಕೆ, ಈಗ ಎಲ್ಲಿದ್ದಾರೆ, ಇಷ್ಟನ್ನು ಬರೆಯಿರಿ. ಮಗುವಿನ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಚಹಾ ವಿರಾಮದಲ್ಲಿ ಸಂಘಟಕರು ಆ ಹಾಳೆಗಳನ್ನು ಸಂಗ್ರಹಿಸುತ್ತಾರೆ. ಮೊದಲ ಗೋಷ್ಠಿಯ ಅಧ್ಯಕ್ಷರು ಅವುಗಳನ್ನು ಓದಿಯೇ ಚರ್ಚೆ ಆರಂಭಿಸಲಿ.